ಅಣ್ಣನ ಯೆಜ್ಡಿಗೆ ಬೇರೆ ಕಾರ್ಬುರೇಟರ್

ಈ ಮಾಸಿಕದಲ್ಲಿ ನಾನು ಬರೆಯುತ್ತ ಬಂದುದು ಹೆಚ್ಚಾಗಿ ಓಲೆಗರಿ, ಶಾಸನ, ವ್ಯಾಕರಣಗಳ ವಿಷಯ. ಈ ಸಲ ಮೋಟಾರು ಸೈಕಲ್ಲಿನ ಕಾರ್ಬುರೇಟರಿನ ಬಗೆಗೆ ಬರೆಯಲು ಹೊರಟಿರುವುದನ್ನು ಕಂಡು ಓದುಗ ಬಾಂಧವರು ಹುಬ್ಬೇರಿಸಬಹುದು. ಆದರೆ ನಮ್ಮ ಎಷ್ಟೋ ಮನೆಗಳ ಜಗಲಿಯ ಮೂಲೆಯಲ್ಲಿ, ದನದ ಕೊಟ್ಟಿಗೆಯ ಒಂದು ಬದಿಯಲ್ಲಿ, ತಂದೆಯದೋ ಅಣ್ಣನದೋ ಒಂದು ಹಳೆಯ ವಾಹನ ಗೋಣಿಚೀಲ ಹೊದ್ದು ನಿಂತಿರುತ್ತದೆ. ಮಾರಲು ಮನಸ್ಸು ಬಾರದು, ಓಡಿಸಲು ಧೈರ್ಯ ಸಾಲದು. ಅಂಥ ಮನೆಯವರಿಗೆ ಈ ಬರಹ ಒಂದಿಷ್ಟು ಉಪಯೋಗಕ್ಕೆ ಬಂದೀತೆಂಬ ನಂಬಿಕೆಯಿಂದ ಲೇಖನಿ ಹಿಡಿದಿದ್ದೇನೆ.

ನಮ್ಮ ಮನೆಯ ವಾಹನ ಯೆಜ್ಡಿ 250. ಅಣ್ಣ ಅದನ್ನು ಕೊಂಡದ್ದು 1979ರಲ್ಲಿ. ನಾನಾಗ ಮಠದ ಪಾಠಶಾಲೆಯಲ್ಲಿ ಓದುತ್ತಿದ್ದ ಹುಡುಗ. ರಜೆ ಬಂದಾಗ ಕರೆದೊಯ್ಯಲು ಅಣ್ಣ ಆ ಗಾಡಿಯಲ್ಲಿಯೇ ಬರುತ್ತಿದ್ದ. ಊಟದ ಮನೆಯಲ್ಲಿ ಕುಳಿತಿರುವಾಗಲೇ ದೂರದಿಂದ ಅದರ ಸದ್ದು ಕೇಳಿಸಿದರೆ, ಗುರುಗಳು ನನ್ನ ಮುಖ ನೋಡಿ ನಕ್ಕು, ಎದ್ದು ಹೋಗಲು ಕಣ್ಣಿನಲ್ಲಿಯೇ ಅಪ್ಪಣೆ ಕೊಡುತ್ತಿದ್ದರು. ಆ ಸದ್ದು ಮೈಸೂರಿನ ಸದ್ದು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯನ್ನು ಉದ್ಘಾಟಿಸಿದವರು ಜಯಚಾಮರಾಜ ಒಡೆಯರು. 1961ರಲ್ಲಿ ಅಲ್ಲಿಂದ ಜಾವಾ ಗಾಡಿಗಳು ಹೊರಬರತೊಡಗಿದವು. 1973ರಿಂದ ಯೆಜ್ಡಿ ಎಂಬ ಹೆಸರು ಬಂದಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅದೇ ಹೆಸರಿನಿಂದ 2022ರಲ್ಲಿ ಬೇರೆ ಕಂಪನಿಯೊಂದು ಹೊಸ ಗಾಡಿಗಳನ್ನು ಬಿಟ್ಟಿದೆಯಾದರೂ ಅವು ಫೋರ್ ಸ್ಟ್ರೋಕ್ ಎಂಜಿನ್ನಿನವು. ಅವುಗಳ ಬಿಡಿಭಾಗಗಳಿಗೂ ನಮ್ಮ ಗಾಡಿಗೂ ಸಂಬಂಧವಿಲ್ಲ.

ಅಣ್ಣ ಲಿಂಗೈಕ್ಯನಾದುದು 2019ರಲ್ಲಿ. ಅದಕ್ಕೆ ಎರಡು ವರ್ಷ ಮೊದಲೇ ಗಾಡಿ ನಿಂತುಹೋಗಿತ್ತು. ಅದರ ಮೊಳೆಯಂಥ ಪುಟ್ಟ ಕೀಲಿಯನ್ನು ಅತ್ತಿಗೆ ದೇವರ ಗೂಡಿನಲ್ಲಿ ವಿಭೂತಿ ಗಟ್ಟಿಯ ಪಕ್ಕದಲ್ಲಿ ಇಟ್ಟುಕೊಂಡಿದ್ದರು. ಅಣ್ಣನ ಮಗಳು ನಂಜನಗೂಡಿನಲ್ಲಿ ಉಪನ್ಯಾಸಕಿ. ಮೈಸೂರಿನಿಂದ ಇಪ್ಪತ್ತಮೂರು ಇಪ್ಪತ್ತನಾಲ್ಕು ಕಿಲೋಮೀಟರು ದೂರ. ಹೋದ ವರ್ಷ ಒಂದು ದಿನ ಅವಳು, “ಚಿಕ್ಕಪ್ಪ, ಅಪ್ಪನ ಗಾಡಿಯನ್ನು ನಾನು ಓಡಿಸುತ್ತೇನೆ. ವಾರಕ್ಕೆ ಎರಡು ದಿನವಾದರೂ ಅದರಲ್ಲಿ ಕಾಲೇಜಿಗೆ ಹೋಗುತ್ತೇನೆ” ಎಂದಳು. ಅತ್ತಿಗೆ ಒಪ್ಪಲಿಲ್ಲ. ಎರಡು ದಿನ ಮನೆಯಲ್ಲಿ ಮಾತಿಲ್ಲ. ಮೂರನೆಯ ದಿನ ಅತ್ತಿಗೆ ನನ್ನನ್ನು ಕರೆಸಿ, “ನೀವು ನೋಡಿ ಹೂಂ ಅಂದರೆ ಮಾತ್ರ ಕೀಲಿ ಕೊಡುತ್ತೇನೆ. ನಡುರಸ್ತೆಯಲ್ಲಿ ಅದು ಅವಳನ್ನು ಕೆಡವಬಾರದು, ಅಷ್ಟೇ” ಎಂದರು.

ಅತ್ತಿಗೆಯ ಭಯ ಬರಿಯ ತಾಯಿಯ ಭಯವಲ್ಲ, ಅದಕ್ಕೆ ಯಂತ್ರದೊಳಗಿನ ಕಾರಣವೂ ಉಂಟು. ಟೂ ಸ್ಟ್ರೋಕ್ ಎಂಜಿನ್ನಿಗೆ ಬೇರೆಯಾಗಿ ಎಣ್ಣೆ ಹರಿಯುವ ದಾರಿ ಇರುವುದಿಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಪಿಸ್ಟನ್ನಿಗೂ ಬೇರಿಂಗುಗಳಿಗೂ ಆಧಾರ. ಅಣ್ಣನ ಕಾಲದ ರೂಢಿಯಂತೆ ಲೀಟರಿಗೆ 40 ಮಿಲಿಲೀಟರ್, ಅಂದರೆ ಇಪ್ಪತ್ತೈದಕ್ಕೆ ಒಂದು ಪಾಲು. ಕಾರ್ಬುರೇಟರ್ ಗಾಳಿಯನ್ನು ಹೆಚ್ಚಾಗಿಯೂ ಪೆಟ್ರೋಲನ್ನು ಕಡಿಮೆಯಾಗಿಯೂ ಕೊಟ್ಟಿತೆಂದರೆ ಮಿಶ್ರಣ ತೆಳುವಾಗುತ್ತದೆ. ಬೆಂಕಿಯ ಶಾಖ ಏರುತ್ತದೆ, ಅದೇ ಹೊತ್ತಿಗೆ ಎಣ್ಣೆಯೂ ಕಡಿಮೆಯಾಗುತ್ತದೆ. ಅಲ್ಯೂಮಿನಿಯಮ್ಮಿನ ಪಿಸ್ಟನ್ ಬೀಡುಕಬ್ಬಿಣದ ಸಿಲಿಂಡರಿಗಿಂತ ಬೇಗ ಹಿಗ್ಗಿ ಅಲ್ಲಿಯೇ ಕಚ್ಚಿಕೊಳ್ಳುತ್ತದೆ. ಇದನ್ನೇ ಸೀಜ್ ಆಗುವುದೆನ್ನುತ್ತಾರೆ. ಎಪ್ಪತ್ತರ ವೇಗದಲ್ಲಿ ಹೀಗಾದರೆ ಹಿಂದಿನ ಚಕ್ರ ಥಟ್ಟನೆ ನಿಂತುಬಿಡುತ್ತದೆ. ಆದ್ದರಿಂದ ಈ ಗಾಡಿಯಲ್ಲಿ ಕಾರ್ಬುರೇಟರನ್ನು ಹೊಂದಿಸುವುದೆಂದರೆ ಮೈಲೇಜಿನ ಲೆಕ್ಕಾಚಾರ ಮಾತ್ರವಲ್ಲ, ಸವಾರನ ಪ್ರಾಣದ ಮಾತು.

ಗಾಡಿಯೊಡನೆ ಬಂದಿದ್ದುದು ಜಿಕೋವ್ ಕಾರ್ಬುರೇಟರ್. ಜೆಕ್ ದೇಶದ ಮಾದರಿ. ಅದರ ಪಕ್ಕದ ಗುಂಡಿಯನ್ನು ಒತ್ತಿ ಪೆಟ್ರೋಲು ತೊಟ್ಟಿಕ್ಕುವಂತೆ ಮಾಡಿ ಚಾಲೂ ಮಾಡುತ್ತಿದ್ದ ಅಣ್ಣನ ಹೆಬ್ಬೆರಳು ಸದಾ ಪೆಟ್ರೋಲಿನ ವಾಸನೆ ಬರುತ್ತಿತ್ತು. ನಲವತ್ತು ವರ್ಷ ದುಡಿದ ಮೇಲೆ ಅದರೊಳಗಿನ ಸ್ಲೈಡ್, ಅಂದರೆ ಆಕ್ಸಿಲರೇಟರ್ ತಿರುವಿದಂತೆ ಮೇಲೆ ಕೆಳಗೆ ಆಡುವ ಉರುಳೆ, ಮತ್ತು ಅದು ಆಡುವ ಕೊಳವೆ ಎರಡೂ ಸವೆದಿದ್ದವು. ಸಂದಿನಲ್ಲಿ ಗಾಳಿ ನುಸುಳಿದರೆ ಯಾವ ಸ್ಕ್ರೂ ತಿರುವಿದರೂ ಫಲವಿಲ್ಲ. ಸವೆದ ಅಕ್ಷರದ ಶಾಸನವನ್ನು ಎಷ್ಟು ತೊಳೆದರೂ ಅಕ್ಷರ ಮರಳಿ ಬಾರದಷ್ಟೇ. ಹೊಸ ಜಿಕೋವ್ ಎಂದು ಹೆಸರು ಹೊತ್ತ ಸರಕು ಅಲ್ಲಲ್ಲಿ ಸಿಗುತ್ತದೆ. ಮಗಳು ಒಂದನ್ನು ತರಿಸಿದ್ದಳು. ಹೊರಗಿನ ಹೊಳಪು ಚೆನ್ನಾಗಿತ್ತು. ಅದರ ಎರಡು ಮೇನ್ ಜೆಟ್‌ಗಳ ಮೇಲೆ ಒಂದೇ ಅಂಕ ಒತ್ತಿದ್ದರೂ, ಒಂದರಲ್ಲಿ ಹಾಯುತ್ತಿದ್ದ ತಂತಿ ಇನ್ನೊಂದರಲ್ಲಿ ಹಾಯಲಿಲ್ಲ. ಅಂಕವೇ ಸುಳ್ಳಾದ ಮೇಲೆ ಹೊಂದಿಸುವ ಮಾತೆಲ್ಲಿ? ಅದನ್ನು ಗಾಡಿಗೆ ಕೂಡಿಸದೆಯೇ ಬದಿಗಿಟ್ಟೆವು.

ಹಳೆಯ ಮಂಡಿ ಮೊಹಲ್ಲಾದ ಓಣಿಯಲ್ಲಿ ನನಗೆ ಪರಿಚಿತರಾದ ಮೆಕ್ಯಾನಿಕ್ ಯಜಮಾನರೊಬ್ಬರಿದ್ದಾರೆ. ಎಪ್ಪತ್ತು ದಾಟಿದವರು. ಜೀವಮಾನವೆಲ್ಲ ಜಾವಾ, ಯೆಜ್ಡಿಗಳನ್ನೇ ಬಿಚ್ಚಿ ಕಟ್ಟಿದವರು. ಅವರ ಸಲಹೆ ಮಿಕ್‌ಕಾರ್ಬ್. ಜಪಾನಿನ ಮಿಕುನಿ ಸಂಸ್ಥೆಯ ತಾಂತ್ರಿಕ ಸಹಯೋಗದಿಂದ ಮದರಾಸಿನ ಯುಕಾಲ್ ಸಂಸ್ಥೆ ತಯಾರಿಸಿದ ಕಾರ್ಬುರೇಟರ್ ಅದು. ಬುಲೆಟ್ 350 ಗಾಡಿಗೆ ಬರುತ್ತಿದ್ದ ವಿಎಂ 24 ಮಾದರಿಯನ್ನು ಯೆಜ್ಡಿಗೆ ಹಾಕಿಸಿಕೊಂಡವರು ಬಹಳ ಮಂದಿ ಇದ್ದಾರೆ. ಅದರ ಜೆಟ್‌ಗಳು ಅಂಕಕ್ಕೆ ತಕ್ಕಂತಿರುತ್ತವೆ ಮತ್ತು ಬಿಡಿಯಾಗಿ ಸಿಗುತ್ತವೆ. ಆದರೆ ಅದು ಹುಟ್ಟಿದ್ದು ಫೋರ್ ಸ್ಟ್ರೋಕ್ ಎಂಜಿನ್ನಿಗಾಗಿ. ತಂದು ಹಾಗೆಯೇ ಕೂಡಿಸಿದರೆ ಗಾಡಿ ಚಾಲೂ ಆಗುತ್ತದೆ, ಓಡುತ್ತದೆ, ಸವಾರನಿಗೆ ಸಂತೋಷವೂ ಆಗುತ್ತದೆ. ಕೆಲವು ವಾರಗಳಲ್ಲಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಎರಡು ಸುತ್ತಿಗೊಮ್ಮೆ ಉಸಿರೆಳೆಯುವ ಎಂಜಿನ್ನಿಗೂ ಪ್ರತಿ ಸುತ್ತಿಗೂ ಉಸಿರೆಳೆಯುವ ಎಂಜಿನ್ನಿಗೂ ಒಂದೇ ಜೆಟ್ ಹೊಂದೀತೆಂದು ಎಣಿಸುವುದು ಸರಿಯಲ್ಲ. ನೀಡಲ್ ಜೆಟ್ಟಿನ ಜಾತಿಯೂ ಬೇರೆ. ಸಾಮಾನ್ಯವಾಗಿ ಫೋರ್ ಸ್ಟ್ರೋಕಿನದರ ಪಕ್ಕದಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಟೂ ಸ್ಟ್ರೋಕಿನದರ ಮೈ ನುಣುಪಾಗಿರುತ್ತದೆ. ಯಜಮಾನರು ತಮ್ಮ ಡಬ್ಬಿಯಿಂದ ಎರಡನೆಯ ಜಾತಿಯದನ್ನು ಹುಡುಕಿ ಕೊಟ್ಟರು.

ಆದರೆ ಕಾರ್ಬುರೇಟರಿನ ತಂಟೆಗೆ ಹೋಗುವ ಮುನ್ನ ಅವರು ಒಂದು ವಾರ ಬೇರೆಯದನ್ನೇ ನೋಡಿದರು. ಇದನ್ನು ಬೇಸರವಿಲ್ಲದೆ ಓದಬೇಕೆಂದು ಕೇಳಿಕೊಳ್ಳುತ್ತೇನೆ, ಏಕೆಂದರೆ ಹಣ ವ್ಯರ್ಥವಾಗುವುದೂ ಗಾಡಿ ಕೆಡುವುದೂ ಇಲ್ಲಿಯೇ. ಟೂ ಸ್ಟ್ರೋಕಿನಲ್ಲಿ ಕಾರ್ಬುರೇಟರಿನಿಂದ ಬಂದ ಮಿಶ್ರಣ ಮೊದಲು ಕ್ರ್ಯಾಂಕ್ ಕೋಣೆಗೆ ಇಳಿದು, ಅಲ್ಲಿಂದ ಮೇಲೇರುತ್ತದೆ. ಆ ಕೋಣೆಯ ಎರಡು ಬದಿಗೂ ರಬ್ಬರಿನ ಆಯಿಲ್ ಸೀಲುಗಳಿವೆ. ಗಾಡಿ ವರ್ಷಗಟ್ಟಲೆ ನಿಂತರೆ ಅವು ಒಣಗಿ ಗಟ್ಟಿಯಾಗುತ್ತವೆ. ಡೈನಮೊ ಬದಿಯ ಸೀಲು ಹೋದರೆ ಹೊರಗಿನ ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗುತ್ತದೆ. ಕ್ಲಚ್ ಬದಿಯದು ಹೋದರೆ ಗೇರಿನ ಎಣ್ಣೆಯನ್ನೇ ಎಂಜಿನ್ ಹೀರಿ ಬಿಳಿಹೊಗೆ ಉಗುಳುತ್ತದೆ. ಹೊರಗೆ ನಿಂತವನಿಗೆ ಎರಡೂ ಕಾರ್ಬುರೇಟರಿನ ದೋಷದಂತೆಯೇ ತೋರುತ್ತವೆ. ನಮ್ಮ ಗಾಡಿಯಲ್ಲಿ ಡೈನಮೊ ಬದಿಯದು ಬೆರಳಲ್ಲಿ ಒತ್ತಿದರೆ ಹಪ್ಪಳದಂತೆ ಮುರಿಯಿತು. ಎರಡನ್ನೂ ಬದಲಾಯಿಸಿದರು. ಜೊತೆಗೆ ಪಾಯಿಂಟಿನ ಅಂತರವನ್ನು 0.4 ಮಿಲಿಮೀಟರಿಗೆ ತಂದು, ಕಿಡಿ ಹಾರುವ ಸಮಯವನ್ನು ಸರಿಪಡಿಸಿದರು. ಎರಡು ಸೈಲೆನ್ಸರುಗಳಲ್ಲಿ ಒಂದರೊಳಗೆ ಮಸಿ ಕಟ್ಟಿ ಹೊಗೆಯ ದಾರಿ ಅರ್ಧ ಮುಚ್ಚಿತ್ತು. ಅದನ್ನು ಬಿಚ್ಚಿ ಸುಟ್ಟು ಕೆರೆದು ತೆಗೆಯಲು ಒಂದು ಇಡೀ ಮಧ್ಯಾಹ್ನ ಹಿಡಿಯಿತು. “ಮೇಷ್ಟ್ರೇ, ಬೇರೆಲ್ಲ ಸರಿ ಇದ್ರೆ ಮಾತ್ರ ಕಾರ್ಬುರೇಟರ್ ನಿಜ ಹೇಳುತ್ತೆ” ಎಂದರು ಯಜಮಾನರು. ಗ್ರಂಥಸಂಪಾದನೆ ಮಾಡುವವರು ಓಲೆಗಳ ಕ್ರಮ ತಪ್ಪಿದೆಯೋ ಇಲ್ಲವೋ ನೋಡದೆ ಪಾಠವನ್ನು ತಿದ್ದಲು ಕೂರುವುದಿಲ್ಲ. ಅವರ ಮಾತು ನನಗೆ ಕೂಡಲೇ ಅರ್ಥವಾಯಿತು.

ಹೊಸ ಕಾರ್ಬುರೇಟರ್ ಸಿಲಿಂಡರಿನ ಬಾಯಿಗೆ ನೇರವಾಗಿ ಕೂಡಲಿಲ್ಲ. ಲೇತಿನಲ್ಲಿ ಅಲ್ಯೂಮಿನಿಯಮ್ಮಿನ ಒಂದು ಅಡಾಪ್ಟರ್ ಮಾಡಿಸಿ, ಶಾಖ ಹರಿಯದಂತೆ ನಡುವೆ ಬೇಕಲೈಟಿನ ಪ್ಯಾಕಿಂಗ್ ಇಟ್ಟು ಬಿಗಿಸಿದೆವು. ಇಂಥ ಜೋಡಣೆಗಳಲ್ಲಿ ಒಂದು ಕೂದಲೆಳೆಯ ಸಂದು ಉಳಿದರೂ ಅಪಾಯ. ಎಂಜಿನ್ ಚಾಲೂ ಇರುವಾಗ ಆ ಕೀಲಿನ ಸುತ್ತ ಸೋಪಿನ ನೀರನ್ನು ಕುಂಚದಿಂದ ಸವರಬೇಕು. ನೀರನ್ನು ಒಳಗೆ ಹೀರಿಕೊಂಡು ಸದ್ದು ಬದಲಾದರೆ ಅಲ್ಲಿ ಸೋರಿಕೆ ಇದೆಯೆಂದು ತಿಳಿಯಬೇಕು. ಪೆಟ್ರೋಲು ಸವರಿ ನೋಡುವವರನ್ನೂ ನಾನು ಕಂಡಿದ್ದೇನೆ. ಕಾದ ಎಂಜಿನ್ನಿನ ಬಳಿ ಅದು ಮಾಡಬಾರದ ಕೆಲಸ. ಆಕ್ಸಿಲರೇಟರ್ ಕೇಬಲ್ಲನ್ನೂ ಹೊಸದಾಗಿ ಕಟ್ಟಿಸಬೇಕಾಯಿತು. ಹ್ಯಾಂಡಲ್ಲನ್ನು ಎಡಕ್ಕೆ ಬಲಕ್ಕೆ ಪೂರ್ತಿ ತಿರುಗಿಸಿದಾಗ ಎಂಜಿನ್ನಿನ ವೇಗ ಏರಬಾರದು. ಹಿಡಿಯನ್ನು ಬಿಟ್ಟೊಡನೆ ಸ್ಲೈಡ್ ‘ಟಕ್’ ಎಂದು ಕೆಳಗೆ ಬೀಳಬೇಕು. ಈ ಸದ್ದು ಕೇಳದೆ ಗಾಡಿಯನ್ನು ರಸ್ತೆಗಿಳಿಸಕೂಡದು.

ಇನ್ನು ಹೊಂದಿಸುವ ಕ್ರಮ. ಕಾರ್ಬುರೇಟರಿನಲ್ಲಿ ಎಲ್ಲ ಕಾಲಕ್ಕೂ ಒಂದೇ ದಾರಿಯಿಂದ ಪೆಟ್ರೋಲು ಬರುವುದಿಲ್ಲ. ಆಕ್ಸಿಲರೇಟರನ್ನು ಎಂಟರಲ್ಲಿ ಒಂದು ಪಾಲು ತೆರೆಯುವವರೆಗೆ ಪೈಲಟ್ ಜೆಟ್ಟಿನದೇ ಆಡಳಿತ. ಅಲ್ಲಿಂದ ಕಾಲುಭಾಗದವರೆಗೆ ಸ್ಲೈಡಿನ ಕೆಳತುದಿಯ ಓರೆಯ ಕೊರೆತ ಮುಖ್ಯ. ಕಾಲಿನಿಂದ ಮುಕ್ಕಾಲಿನವರೆಗೆ ಸ್ಲೈಡಿನಿಂದ ತೂಗುವ ಸೂಜಿ. ಮುಕ್ಕಾಲಿನ ಮೇಲೆ ಮೇನ್ ಜೆಟ್. ಒಂದರ ಗಡಿ ಇನ್ನೊಂದರೊಳಗೆ ಸ್ವಲ್ಪ ಸ್ವಲ್ಪ ಸೇರಿರುತ್ತದೆ. ಆದ್ದರಿಂದ ಗಾಡಿ ಎಲ್ಲಿ ತಡವರಿಸುತ್ತದೆಂಬುದನ್ನು ವೇಗದ ಮುಳ್ಳಿನಿಂದ ಅಳೆಯಬಾರದು, ಹಿಡಿಯ ತಿರುವಿನಿಂದ ಅಳೆಯಬೇಕು. ನಾನು ಹಿಡಿಯ ಮೇಲೆ ಬಿಳಿಯ ಟೇಪು ಸುತ್ತಿ, ಕಾಲು, ಅರೆ, ಮುಕ್ಕಾಲು ಎಂದು ಮಸಿಯಿಂದ ಗೆರೆ ಎಳೆದೆ. ಇದನ್ನು ಕಂಡು ಯಜಮಾನರ ಅಂಗಡಿಯ ಹುಡುಗರು ಮೊದಲು ನಕ್ಕರು. ಈಗ ಅವರೂ ಹಾಗೆಯೇ ಮಾಡುತ್ತಾರೆಂದು ಕೇಳಿದ್ದೇನೆ.

ಮೊದಲು ಫ್ಲೋಟಿನ ಮಟ್ಟ. ಬಟ್ಟಲಿನಲ್ಲಿ ಪೆಟ್ರೋಲು ನಿಲ್ಲುವ ಎತ್ತರ ತಪ್ಪಿದ್ದರೆ ಮೇಲಿನ ಎಲ್ಲ ಜೆಟ್‌ಗಳ ಲೆಕ್ಕವೂ ತಪ್ಪುತ್ತದೆ. ಅದು ಸರಿಯಾದ ಮೇಲೆ ಎಂಜಿನ್ ನಿಲ್ಲದೆ ಓಡುವಷ್ಟು ಪೈಲಟನ್ನು ಒರಟಾಗಿ ಸರಿಮಾಡಿಕೊಂಡು, ಮೇನ್ ಜೆಟ್ಟಿನಿಂದ ನಿಜವಾದ ಕೆಲಸ ಆರಂಭಿಸಿದೆವು. ಇಲ್ಲಿ ಒಂದು ಕಟ್ಟುನಿಟ್ಟು ಉಂಟು. ದೊಡ್ಡ ಜೆಟ್ಟಿನಿಂದ ಚಿಕ್ಕದಕ್ಕೆ ಇಳಿಯಬೇಕು, ಚಿಕ್ಕದರಿಂದ ದೊಡ್ಡದಕ್ಕೆ ಏರಬಾರದು. ದಟ್ಟ ಮಿಶ್ರಣದಿಂದ ಹೆಚ್ಚೆಂದರೆ ಪ್ಲಗ್ ಕಪ್ಪಾದೀತು, ಗಾಡಿ ಹೊಗೆ ಬಿಟ್ಟೀತು. ತೆಳು ಮಿಶ್ರಣದಿಂದ ಪಿಸ್ಟನ್ನೇ ಹೋದೀತು. ಕಾರ್ಬುರೇಟರಿನೊಡನೆ ಬಂದಿದ್ದ ಚಿಕ್ಕ ಜೆಟ್ಟನ್ನು ಎಂಜಿನ್ ಚಾಲೂ ಮಾಡುವ ಮೊದಲೇ ತೆಗೆದು 120ನ್ನು ಹಾಕಿದೆವು. ಪೂರ್ತಿ ತೆರೆದಾಗ ಎಂಜಿನ್ ಒಂದು ಬಿಟ್ಟು ಒಂದು ಹೊಡೆಯುವಂತೆ ‘ಬೊಳ್ ಬೊಳ್’ ಎನ್ನುತ್ತಿತ್ತು. ಅದು ದಟ್ಟತನದ ಗುರುತು. 115ಕ್ಕೆ ಇಳಿಸಿದಾಗ ಆ ಸದ್ದು ಕಡಿಮೆಯಾಯಿತು. 110ರಲ್ಲಿ ಎಂಜಿನ್ ಬಿಚ್ಚಿಕೊಂಡು ಎಳೆಯಿತು. ಪೂರ್ತಿ ತೆರೆದು ಓಡಿಸುವಾಗ ಹಿಡಿಯನ್ನು ಕೊಂಚ ಹಿಂದಕ್ಕೆ ತಿರುಗಿಸಿ ನೋಡುವ ಒಂದು ಪರೀಕ್ಷೆ ಇದೆ. ಹಾಗೆ ಮಾಡಿದಾಗ ಗಾಡಿ ಇನ್ನೂ ಚುರುಕಾದರೆ ಜೆಟ್ ಚಿಕ್ಕದಾಯಿತೆಂದು ಅರ್ಥ. 110ರಲ್ಲಿ ಹಾಗಾಗಲಿಲ್ಲ. 105ನ್ನೂ ಒಮ್ಮೆ ಹಾಕಿ ನೋಡೋಣವೆಂದು ಅಂಗಡಿಯ ಹುಡುಗನೊಬ್ಬ ಸೂಚಿಸಿದ. ನಾನು ಬೇಡವೆಂದೆ. ಒಂದೆರಡು ಕಿಲೋಮೀಟರು ಮೈಲೇಜಿಗಾಗಿ ಅಂಚಿನಲ್ಲಿ ನಡೆಯುವ ಅಗತ್ಯ ನಮಗಿರಲಿಲ್ಲ. ಈ ಅಂಕಗಳು ನಮ್ಮ ಗಾಡಿಗೆ, ಅದರ ಏರ್ ಫಿಲ್ಟರಿಗೆ, ಸಮುದ್ರಮಟ್ಟದಿಂದ 770 ಮೀಟರಿನಷ್ಟು ಮೇಲಿರುವ ಮೈಸೂರಿಗೆ ಹೊಂದಿದವು. ಮಂಗಳೂರಿನ ಗಾಳಿ ಇದಕ್ಕಿಂತ ದಟ್ಟ. ಅಲ್ಲಿ ಇದೇ ಜೆಟ್ ತುಸು ತೆಳು ಮಿಶ್ರಣ ಕೊಡುತ್ತದೆ. ಯಾರೂ ಇದನ್ನು ಪ್ರಮಾಣವೆಂದು ತಿಳಿದು ತಮ್ಮ ಗಾಡಿಗೆ ಹಾಕಬಾರದು.

ಪ್ಲಗ್ಗಿನ ಬಣ್ಣವನ್ನು ಓದುವುದು ಒಂದು ವಿದ್ಯೆ. ಊರೊಳಗೆ ಸುತ್ತಾಡಿ ಮನೆಗೆ ಬಂದು ಬಿಚ್ಚಿದರೆ ಪ್ಲಗ್ ಹೇಳುವುದು ಕೊನೆಯ ಎರಡು ನಿಮಿಷದ ಕಥೆಯನ್ನಷ್ಟೇ. ಯಜಮಾನರು ಬೆಳಗಿನ ಐದೂವರೆಗೆ, ವಾಹನ ಸಂಚಾರ ಇಲ್ಲದ ಹೊತ್ತಿನಲ್ಲಿ, ರಿಂಗ್ ರಸ್ತೆಯಲ್ಲಿ ಮೂರನೆಯ ಗೇರಿನಲ್ಲಿ ಪೂರ್ತಿ ತೆರೆದು ಓಡಿಸಿ, ಅದೇ ಸ್ಥಿತಿಯಲ್ಲಿ ಕ್ಲಚ್ ಹಿಡಿದು ಕೀಲಿಯಿಂದ ಎಂಜಿನ್ ಆರಿಸಿ, ಗಾಡಿಯನ್ನು ಬದಿಗೆ ತೇಲಿಸಿ ನಿಲ್ಲಿಸಿದರು. ನಾನು ಅಲ್ಲಿಯೇ ಕಾದಿದ್ದೆ. ಬಿಚ್ಚಿದ ಪ್ಲಗ್ಗಿನ ಬಿಳಿಯ ಪಿಂಗಾಣಿ ಕಾಫಿಪುಡಿಯ ತಿಳಿಬಣ್ಣಕ್ಕೆ ಬಂದಿದ್ದರೆ ಸರಿ. ಸುಣ್ಣದಂತೆ ಬೆಳ್ಳಗಿದ್ದರೆ ತೆಳು, ಕಾಡಿಗೆಯಂತೆ ಕಪ್ಪಾಗಿದ್ದರೆ ದಟ್ಟ. ಪಿಂಗಾಣಿಯ ಮೇಲೆ ಅಲ್ಯೂಮಿನಿಯಮ್ಮಿನ ಸಣ್ಣ ಸಣ್ಣ ಮಣಿಗಳು ಕಂಡರೆ ಪಿಸ್ಟನ್ ಕರಗತೊಡಗಿದೆಯೆಂದು ಅರ್ಥ. ಆಗ ಮುಂದೆ ಓಡಿಸುವ ಮಾತೇ ಇಲ್ಲ. ಪ್ರತಿ ಓಟದ ಬಳಿಕ ನಾನು ಒಂದು ನೋಟುಪುಸ್ತಕದಲ್ಲಿ ತಾರೀಖು, ಜೆಟ್, ಸೂಜಿಯ ಸ್ಥಾನ, ಬಣ್ಣ, ಅಂದಿನ ಸೆಖೆ ಅಥವಾ ಚಳಿ ಇಷ್ಟನ್ನೂ ಬರೆದಿಟ್ಟೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಹುಡುಗರಿಗೆ ಇದು ತಾಳ್ಮೆಯ ಕೆಲಸವೆನಿಸುತ್ತಿತ್ತು. ಪಾಠಾಂತರಗಳನ್ನು ಗುರುತಿಸುತ್ತ ನಲವತ್ತು ವರ್ಷ ಕಳೆದ ನನಗೆ ಅದು ದಿನನಿತ್ಯದ ಅಭ್ಯಾಸ.

ಸೂಜಿಯ ತಲೆಯಲ್ಲಿ ಐದು ಗೀರುಗಳಿರುತ್ತವೆ, ಒಂದರಲ್ಲಿ ಪುಟ್ಟ ಕ್ಲಿಪ್ಪು ಕೂಡಿರುತ್ತದೆ. ಕ್ಲಿಪ್ಪನ್ನು ಕೆಳಗಿನ ಗೀರಿಗೆ ಇಳಿಸಿದರೆ ಸೂಜಿ ಮೇಲೇರಿ ಪೆಟ್ರೋಲು ಹೆಚ್ಚುತ್ತದೆ, ಮೇಲಕ್ಕೆ ಏರಿಸಿದರೆ ಕಡಿಮೆಯಾಗುತ್ತದೆ. ಬಹಳ ಮಂದಿ ಇದನ್ನು ತಿರುವುಮುರುವಾಗಿ ನೆನಪಿಟ್ಟುಕೊಂಡಿರುತ್ತಾರೆ. ಮಗಳು ದಿನನಿತ್ಯ ಓಡಿಸುವುದು ಅರೆ ತೆರೆದ ಸ್ಥಿತಿಯಲ್ಲಿ, ಐವತ್ತು ಐವತ್ತೈದರ ವೇಗದಲ್ಲಿ. ಆದ್ದರಿಂದ ಅವಳ ಪಾಲಿಗೆ ಮೇನ್ ಜೆಟ್ಟಿಗಿಂತ ಸೂಜಿಯೇ ಮುಖ್ಯ. ನಡುವಿನ ಗೀರಿನಲ್ಲಿ ಗಾಡಿ ಏರಿನಲ್ಲಿ ತುಸು ಜರ್ಕು ಹೊಡೆಯಿತು. ಒಂದು ಗೀರು ಕೆಳಗಿಳಿಸಿದ ಮೇಲೆ ಅದು ನಿಂತಿತು.

ಕೊನೆಗೆ ಏರ್ ಸ್ಕ್ರೂ. ವಿಎಂ ಮಾದರಿಯಲ್ಲಿ ಇದು ಫಿಲ್ಟರಿನ ಕಡೆಗೆ ಇರುತ್ತದೆ ಮತ್ತು ಗಾಳಿಯನ್ನು ನಿಯಂತ್ರಿಸುತ್ತದೆ. ಒಳಕ್ಕೆ ತಿರುಗಿಸಿದರೆ ಗಾಳಿ ಕಡಿಮೆಯಾಗಿ ಮಿಶ್ರಣ ದಟ್ಟ, ಹೊರಕ್ಕೆ ತಿರುಗಿಸಿದರೆ ತೆಳು. ಎಂಜಿನ್ ಚೆನ್ನಾಗಿ ಕಾದ ಮೇಲೆ ಸ್ಕ್ರೂವನ್ನು ಮೆತ್ತಗೆ ಪೂರ್ತಿ ಒಳಗೆ ಕೂಡಿಸಿ, ಒಂದೂವರೆ ಸುತ್ತು ಹೊರತೆಗೆಯಬೇಕು. ಅಲ್ಲಿಂದ ಕಾಲು ಕಾಲು ಸುತ್ತು ಆಚೀಚೆ ಮಾಡುತ್ತ, ಎಂಜಿನ್ ಅತಿ ಚುರುಕಾಗಿ ಮತ್ತು ಸಮವಾಗಿ ಓಡುವ ಸ್ಥಾನವನ್ನು ಕಿವಿಯಿಂದ ಗುರುತಿಸಬೇಕು. ಆಮೇಲೆ ಸ್ಲೈಡಿನ ಸ್ಕ್ರೂ ಸಡಿಲಿಸಿ ವೇಗವನ್ನು ಇಳಿಸಬೇಕು. ಸ್ಕ್ರೂ ಒಂದು ಸುತ್ತಿಗಿಂತ ಒಳಗೇ ಸರಿಹೋದರೆ ಪೈಲಟ್ ಜೆಟ್ ಚಿಕ್ಕದು, ಎರಡೂವರೆ ದಾಟಿದರೆ ದೊಡ್ಡದು. ನಮ್ಮದು ಒಂದೂಕಾಲು ಸುತ್ತಿನಲ್ಲಿ ನಿಂತಿತು.

ಹೊಗೆ ತಪಾಸಣೆಯ ಕುರಿತು ಒಂದು ಮಾತು ಹೇಳಲೇಬೇಕು. ಹದಿನೈದು ವರ್ಷ ದಾಟಿದ ಖಾಸಗಿ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೆ ಹೊಗೆಯ ಪ್ರಮಾಣಪತ್ರ ಬೇಕು. 2000ದ ಮಾರ್ಚಿಗಿಂತ ಮೊದಲು ತಯಾರಾದ ದ್ವಿಚಕ್ರ ವಾಹನಕ್ಕೆ ಕಾರ್ಬನ್ ಮೊನಾಕ್ಸೈಡಿನ ಮಿತಿ ಶೇಕಡಾ 4.5. ಈ ಪರೀಕ್ಷೆ ನಡೆಯುವುದು ಗಾಡಿ ನಿಂತು ಮೆಲ್ಲಗೆ ಓಡುತ್ತಿರುವಾಗ, ಅಂದರೆ ಪೈಲಟ್ ಜೆಟ್ಟಿನ ಆಡಳಿತದಲ್ಲಿ ಮಾತ್ರ. ಪರೀಕ್ಷೆಯಲ್ಲಿ ತೇರ್ಗಡೆಯಾಗಲೆಂದು ಏರ್ ಸ್ಕ್ರೂವಿನ ಬದಲು ಜೆಟ್‌ಗಳನ್ನೆಲ್ಲ ಚಿಕ್ಕದು ಮಾಡಿ, ಸೂಜಿಯನ್ನೂ ಇಳಿಸಿ ಕಳುಹಿಸುವ ಅಂಗಡಿಗಳಿವೆ. ಅದರಿಂದ ಪರೀಕ್ಷೆಗೆ ಯಾವ ಲಾಭವೂ ಇಲ್ಲ, ಎಂಜಿನ್ನಿಗೆ ನಷ್ಟ ಮಾತ್ರ ಖಂಡಿತ. ಫಿಲ್ಟರ್ ಶುಚಿಯಾಗಿದ್ದು, ಎಂಜಿನ್ ಚೆನ್ನಾಗಿ ಕಾದಿದ್ದು, ಏರ್ ಸ್ಕ್ರೂ ಮೇಲೆ ಹೇಳಿದಂತೆ ಕೂಡಿದ್ದರೆ ಹಳೆಯ ಗಾಡಿಯೂ ಮಿತಿಯೊಳಗೇ ಬರಬಲ್ಲದು. ನಮ್ಮ ಗಾಡಿ ಬಂದಿತು.

ಈಚಿನ ಪೆಟ್ರೋಲು ಈ ಹಳೆಯ ಲೆಕ್ಕವನ್ನೆಲ್ಲ ಕೊಂಚ ಅಲುಗಿಸಿದೆ. ಅಣ್ಣನ ಕಾಲದ ಅಂಕಗಳನ್ನು ಬರೆದಿಟ್ಟುಕೊಂಡವರು ಇದನ್ನು ಗಮನಿಸಬೇಕು. ಶುದ್ಧ ಪೆಟ್ರೋಲು ಸಂಪೂರ್ಣವಾಗಿ ಉರಿಯಲು ತೂಕದಲ್ಲಿ ತನ್ನ 14.7 ಪಟ್ಟು ಗಾಳಿ ಬೇಕು. ಎಥೆನಾಲಿನಲ್ಲಿ ಆಮ್ಲಜನಕ ಮೊದಲೇ ಸೇರಿರುವುದರಿಂದ ಅದಕ್ಕೆ ಒಂಬತ್ತು ಪಟ್ಟು ಸಾಕು. 2022ರಲ್ಲಿ ನಮ್ಮ ದೇಶದ ಪೆಟ್ರೋಲಿನಲ್ಲಿ ಎಥೆನಾಲಿನ ಪ್ರಮಾಣ ಶೇಕಡಾ ಹತ್ತಕ್ಕೆ ಮುಟ್ಟಿತು, 2023ರಿಂದ ಶೇಕಡಾ ಇಪ್ಪತ್ತರ ಬೆರಕೆ ಬಂಕುಗಳಿಗೆ ಬರತೊಡಗಿತು. 2025ರ ಹೊತ್ತಿಗೆ ಅದೇ ಸಾಮಾನ್ಯವಾಗಿದೆ. ಆ ಬೆರಕೆಗೆ ಬೇಕಾದ ಗಾಳಿ ಸುಮಾರು 13.5 ಪಟ್ಟು. ಹೊಸ ಗಾಡಿಗಳು ಇದನ್ನು ತಾವೇ ಅರಿತು ಸರಿಪಡಿಸಿಕೊಳ್ಳುತ್ತವೆ. ಕಾರ್ಬುರೇಟರಿಗೆ ಆ ಅರಿವಿಲ್ಲ. ಹಳೆಯ ಜೆಟ್ಟಿನಲ್ಲಿ ಹೊಸ ಪೆಟ್ರೋಲು ಹರಿದರೆ ಮಿಶ್ರಣ ನೂರಕ್ಕೆ ಏಳೆಂಟರಷ್ಟು ತೆಳುವಾದಂತೆ. ನಿನ್ನೆಯವರೆಗೆ ಚೆನ್ನಾಗಿದ್ದ ಗಾಡಿ ಏಕೆ ಕಾಯುತ್ತಿದೆಯೆಂದು ತಿಳಿಯದೆ ಒದ್ದಾಡುವವರ ಕಷ್ಟಕ್ಕೆ ಇದೂ ಒಂದು ಕಾರಣ. ಇದಲ್ಲದೆ ಎಥೆನಾಲು ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ರಬ್ಬರನ್ನು ಉಬ್ಬಿಸುತ್ತದೆ. ನಾವು ಪೆಟ್ರೋಲಿನ ಪೈಪು, ಟ್ಯಾಂಕಿನ ಕಾಕಿನ ವಾಷರುಗಳನ್ನೆಲ್ಲ ಬದಲಾಯಿಸಿದೆವು. ಗಾಡಿಯನ್ನು ಎರಡು ವಾರಕ್ಕಿಂತ ಹೆಚ್ಚು ನಿಲ್ಲಿಸುವುದಿದ್ದರೆ ಕಾಕು ಮುಚ್ಚಿ, ಬಟ್ಟಲಿನ ಪೆಟ್ರೋಲನ್ನು ಬಸಿದುಬಿಡಬೇಕು.

ಎಲ್ಲ ಮುಗಿದ ಮೇಲೆ ಮಗಳಿಗೆ ಪಾಠ ಆರಂಭವಾಯಿತು. ಎಡಗೈಯ ಎರಡು ಬೆರಳು ಸದಾ ಕ್ಲಚ್ಚಿನ ಮೇಲಿರಬೇಕು. ಎಳೆತ ಒಮ್ಮೆಲೆ ಕುಗ್ಗಿದರೆ, ಒಳಗೆ ಕಿಣಿಕಿಣಿ ಸದ್ದು ಬಂದರೆ, ಯೋಚಿಸದೆ ಕ್ಲಚ್ ಹಿಡಿದುಬಿಡಬೇಕು. ಆಗ ಎಂಜಿನ್ ಕಚ್ಚಿಕೊಂಡರೂ ಚಕ್ರ ಉರುಳುತ್ತದೆ. ಚಾಮುಂಡಿ ಬೆಟ್ಟದಂಥ ಉದ್ದನೆಯ ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿಕೊಂಡು ಇಳಿಯಬಾರದು. ಪೆಟ್ರೋಲು ನಿಂತರೆ ಎಣ್ಣೆಯೂ ನಿಂತಂತೆ. ಆಗಾಗ ಸ್ವಲ್ಪ ತೆರೆದು ಮುಚ್ಚುತ್ತಿರಬೇಕು. ಎಣ್ಣೆಯನ್ನು ಅಳತೆಯಿಲ್ಲದೆ ಸುರಿಯಬಾರದು. ಎಣ್ಣೆ ಹೆಚ್ಚು ಹಾಕಿದರೆ ಒಳ್ಳೆಯದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆದರೆ ಅದೇ ಜೆಟ್ಟಿನಲ್ಲಿ ಎಣ್ಣೆ ಹೆಚ್ಚಿದಷ್ಟೂ ಪೆಟ್ರೋಲಿನ ಪಾಲು ಕಡಿಮೆಯಾಗಿ ಮಿಶ್ರಣ ತೆಳುವಾಗುತ್ತದೆಂಬುದು ಬಹಳ ಮಂದಿಗೆ ಹೊಳೆಯುವುದಿಲ್ಲ. ಅವಳು ಎಲ್ಲವನ್ನೂ ಕೇಳಿಕೊಂಡು, “ಚಿಕ್ಕಪ್ಪ, ಅಪ್ಪ ನನಗೆ ಇಷ್ಟು ಹೇಳಿಕೊಡಲೇ ಇಲ್ಲ” ಎಂದಳು. ಅಣ್ಣ ಹೇಳುತ್ತಿದ್ದ ಮನುಷ್ಯನಲ್ಲ. ಭಾನುವಾರಗಳಂದು ಗಾಡಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ತಾನೊಬ್ಬನೇ ಎಲ್ಲವನ್ನೂ ಮಾಡಿಕೊಳ್ಳುತ್ತಿದ್ದ. ಹತ್ತಿರ ಹೋದವರ ಕೈಗೆ ಸ್ಪ್ಯಾನರ್ ಕೊಟ್ಟು ಹಿಡಿದುಕೊಂಡಿರು ಎನ್ನುತ್ತಿದ್ದನಷ್ಟೇ.

ನಾನು ಹೂಂ ಎನ್ನುವ ಮೊದಲು ಮೂರು ವಾರ ಯಜಮಾನರೂ ಅವರ ಮಗನೂ ಗಾಡಿಯನ್ನು ನಂಜನಗೂಡಿನವರೆಗೆ ಆರು ಸಲ ಓಡಿಸಿದರು. ಎರಡು ಸಲ ನಾನೇ ಹಿಂದೆ ಕುಳಿತು ಹೋದೆ. ನೋಟುಪುಸ್ತಕದಲ್ಲಿ ಪ್ಲಗ್ಗಿನ ಬಣ್ಣ ಆರು ಸಲವೂ ಒಂದೇ ಆಗಿತ್ತು. ಲೀಟರಿಗೆ 28 ಕಿಲೋಮೀಟರು ಕೊಟ್ಟಿತು. ಪುಸ್ತಕವನ್ನು ಅತ್ತಿಗೆಗೆ ತೋರಿಸಿದೆ. ಜೆಟ್ಟು ಸೂಜಿಗಳ ಲೆಕ್ಕ ಅವರಿಗೆ ಬೇಕಿರಲಿಲ್ಲ. “ನೀವು ಹಿಂದೆ ಕುಳಿತು ಹೋದಿರಾ?” ಎಂದು ಕೇಳಿದರು. ಹೌದೆಂದೆ. ಎದ್ದು ಹೋಗಿ ದೇವರ ಗೂಡಿನಿಂದ ಕೀಲಿಯನ್ನು ತೆಗೆದು, ಸೆರಗಿನಿಂದ ಒರೆಸಿ ಮಗಳ ಕೈಗೆ ಕೊಟ್ಟರು. ಅವರು ಬೇರೇನೂ ಹೇಳಲಿಲ್ಲ.

ಈಗ ವಾರದಲ್ಲಿ ಎರಡು ದಿನ ಗಾಡಿ ನಂಜನಗೂಡಿಗೆ ಹೋಗಿ ಬರುತ್ತದೆ. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ, ಯೆಜ್ಡಿ ಅಭಿಮಾನಿಗಳು ಊರೂರುಗಳಲ್ಲಿ ಸೇರುತ್ತಾರೆ. ಆ ದಿನ ಅಲ್ಲಿಗೂ ಹೋಗಬೇಕೆಂದು ಅವಳ ಆಸೆ. ಚಳಿಗಾಲದ ಬೆಳಗಿನಲ್ಲಿ ಮೊದಲ ಅರ್ಧ ಕಿಲೋಮೀಟರು ಚೋಕಿಲ್ಲದೆ ಗಾಡಿ ತಡವರಿಸುತ್ತದೆಂದು ಮೊನ್ನೆ ಹೇಳಿದಳು. ಪೈಲಟ್ ಜೆಟ್ಟನ್ನು ಒಂದಂಕ ಏರಿಸಬೇಕೆಂಬುದು ಯಜಮಾನರ ಅಭಿಪ್ರಾಯ. ಅಷ್ಟು ಬೇಕಿಲ್ಲ, ಏರ್ ಸ್ಕ್ರೂ ಕಾಲು ಸುತ್ತು ಒಳಗೆ ಹೋದರೆ ಸಾಕೆಂದು ನನಗೆ ತೋರುತ್ತದೆ. ಬರುವ ಭಾನುವಾರ ಇಬ್ಬರೂ ಗಾಡಿಯ ಮುಂದೆ ಕೂರುವವರಿದ್ದೇವೆ.